ವಿಶ್ವವಿದ್ಯಾಲಯಗಳ ಸಂಖ್ಯಾಶಾಸ್ತ್ರ ಸಲಹಾ ಕೇಂದ್ರಗಳು: ಒಂದು ಪರಿಚಯ

ದೌಂಡ ಎಂದೊಡನೆ ಹೆಚ್ಚಿನ ಕನ್ನಡಿಗರಿಗೆ ನೆನಪಾಗುವುದು ಅಲ್ಲಿನ ರೈಲ್ವೆ ಜಂಕ್ಷನ್. ಪುಣೆ, ಸೊಲ್ಲಾಪುರ, ಮನಮಾಡ, ಬಾರಾಮತಿಗಳ ಹಳಿಗಳು ಕೂಡುವ, ಭೀಮಾ ನದಿಯ ದಂಡೆಯ ಈ ಊರಿನ ಸುತ್ತಮುತ್ತ ಕಬ್ಬಿನ ಹೊಲಗಳಿವೆ. ಇಲ್ಲಿನ ಬ್ಯಾಂಕ್ ಶಾಖೆಯೊಂದರಲ್ಲಿ ದುಡಿಯುವ ನಾವು ಕಲಾ ವಿಭಾಗದ ಪದವೀಧರರು. ಅಂಕಿಗಳೊಡನೆ ನಮ್ಮ ನಂಟು ದಿನದ ಕೊನೆಗೆ ಜಮಾ-ಖರ್ಚು ತಾಳೆಯಾಗುವವರೆಗೆ ಮಾತ್ರ. ಸಂಖ್ಯಾಶಾಸ್ತ್ರವೆಂಬ ವಿದ್ಯೆಯತ್ತ ನಮ್ಮನ್ನು ತಿರುಗಿಸಿದ್ದು ಬಂಧುಗಳ ಮನೆಯಲ್ಲಿ ನಡೆದ ಒಂದು ಪ್ರಸಂಗ.

ಅವರ ಮಗಳು ಕೃಷಿ ವಿಷಯದಲ್ಲಿ ಪಿಎಚ್.ಡಿ. ಅಧ್ಯಯನಕ್ಕಾಗಿ ಕಬ್ಬಿಗೆ ಗೊಬ್ಬರ ನೀಡುವ ಹೊಸ ಕ್ರಮವೊಂದನ್ನು ರೈತರೊಬ್ಬರ ಹೊಲದಲ್ಲಿ ಪರೀಕ್ಷಿಸಿದಳು. ಹೊಲದ ಅರ್ಧಕ್ಕೆ ಹೊಸ ಕ್ರಮ, ಉಳಿದರ್ಧಕ್ಕೆ ಹಳೆಯ ಕ್ರಮ. ಒಂದು ವರ್ಷ ಕಳೆದು ಕಬ್ಬು ಕಡಿದಾಗ ಹೊಸ ಕ್ರಮದ ಭಾಗದಲ್ಲಿ ಇಳುವರಿ ಬಹಳ ಹೆಚ್ಚಾಗಿತ್ತು. ಮನೆಯವರಿಗೆಲ್ಲ ಸಂತೋಷವಾಯಿತು. ಹೊಲದ ಮಾಲೀಕರಂತೂ ತಮ್ಮ ಇಡೀ ಜಮೀನಿಗೆ ಆ ಕ್ರಮವನ್ನೇ ಅನುಸರಿಸಲು ಹೆಚ್ಚಿನ ಬೆಳೆಸಾಲ ಕೇಳಿಕೊಂಡು ನಮ್ಮ ಶಾಖೆಗೆ ಬಂದರು. ಅಷ್ಟರಲ್ಲಿ ಅಂಕಿಗಳನ್ನು ನೋಡಿದ ಸಂಖ್ಯಾಶಾಸ್ತ್ರಜ್ಞರೊಬ್ಬರು ಒಂದೇ ಪ್ರಶ್ನೆ ಕೇಳಿದರು: ಕಾಲುವೆ ಯಾವ ಕಡೆಗಿದೆ? ಕಾಲುವೆ ಇದ್ದದ್ದು ಹೊಸ ಕ್ರಮದ ಕಡೆಗೆ. ಇಳುವರಿ ಹೆಚ್ಚಿದ್ದು ಗೊಬ್ಬರದಿಂದಲೋ ನೀರಿನ ತೇವದಿಂದಲೋ ಎಂಬುದನ್ನು ಇನ್ನು ಯಾವ ಲೆಕ್ಕಾಚಾರದಿಂದಲೂ ಬೇರ್ಪಡಿಸುವಂತಿರಲಿಲ್ಲ. ಒಂದು ವರ್ಷದ ಶ್ರಮ ವ್ಯರ್ಥವಾಯಿತು.

ಮರುವರ್ಷ ಅವರ ಸಲಹೆಯಂತೆಯೇ ಪ್ರಯೋಗ ನಡೆಯಿತು. ಕಾಲುವೆಯಿಂದ ದೂರ ಹೋದಂತೆ ಹೊಲವನ್ನು ಆರು ಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಯಲ್ಲಿ ಎರಡು ಕ್ರಮಗಳಿಗೂ ಅಕ್ಕಪಕ್ಕದ ತಾಕುಗಳನ್ನು ಕೊಟ್ಟು, ಯಾವುದು ಎಡಕ್ಕೆ ಯಾವುದು ಬಲಕ್ಕೆ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಲಾಯಿತು. ಈ ಬಾರಿ ಕಂಡುಬಂದ ವ್ಯತ್ಯಾಸ ಗೊಬ್ಬರದ ಹೆಚ್ಚಿನ ಖರ್ಚಿಗೂ ಸಾಲುವಂತಿರಲಿಲ್ಲ. ರೈತರು ಸಾಲದ ಹೊರೆಯಿಂದ ಪಾರಾದರು. ಇಂತಹ ಸಲಹೆ ಎಲ್ಲಿ ದೊರೆಯುತ್ತದೆ, ಹೇಗೆ ದೊರೆಯುತ್ತದೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹುಟ್ಟು ಮತ್ತು ಬೆಳವಣಿಗೆ

ಬೇರೆ ಶಾಸ್ತ್ರದವರ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಲೇ ಬೆಳೆದ ಶಾಸ್ತ್ರವಿದು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ಆರ್. ಎ. ಫಿಶರ್ ಅವರು ಹೊಲದ ಪ್ರಯೋಗಗಳಿಗೆ ಮೇಲೆ ಹೇಳಿದಂತಹ ವಿಂಗಡಣೆಯ ನಿಯಮಗಳನ್ನು ರೂಪಿಸಿದರು. ಅಮೆರಿಕದ ಅಯೋವಾ ರಾಜ್ಯ ವಿದ್ಯಾಸಂಸ್ಥೆಯಲ್ಲಿ ಜಾರ್ಜ್ ಸ್ನೆಡೆಕರ್ ಅವರ ನೇತೃತ್ವದಲ್ಲಿ 1933ರಲ್ಲಿ ಆರಂಭವಾದ ಸಂಖ್ಯಾಶಾಸ್ತ್ರ ಪ್ರಯೋಗಾಲಯವು ಮುಂದಿನ ಸಲಹಾ ಕೇಂದ್ರಗಳಿಗೆ ಮಾದರಿಯಾಯಿತು.

ಭಾರತವೂ ಹಿಂದುಳಿದಿರಲಿಲ್ಲ. 1920ರಲ್ಲಿ ಪ್ರಾಣಿಶಾಸ್ತ್ರಜ್ಞ ನೆಲ್ಸನ್ ಆನಂಡೇಲ್ ಅವರು ಕಲ್ಕತ್ತೆಯ ಆಂಗ್ಲೋ-ಇಂಡಿಯನ್ನರ ದೇಹದ ಅಳತೆಗಳನ್ನು ಪರಿಶೀಲಿಸುವಂತೆ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಪಿ. ಸಿ. ಮಹಾಲನೋಬಿಸ್ ಅವರನ್ನು ಕೇಳಿಕೊಂಡರು. ಆ ಕೆಲಸವೇ ಅವರನ್ನು ಈ ಶಾಸ್ತ್ರದತ್ತ ಎಳೆಯಿತು. 1931ರ ಡಿಸೆಂಬರ್‌ನಲ್ಲಿ ಅವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. 1938ರಲ್ಲಿ ಕಲ್ಕತ್ತೆಯ ಸಮ್ಮೇಳನದಲ್ಲಿ ಫಿಶರ್ ಅವರು ಹೇಳಿದ ಮಾತಿನ ಸಾರಾಂಶ ಇಂದಿಗೂ ಪ್ರಸಿದ್ಧ: ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಬಳಿಗೆ ಹೋಗುವುದೆಂದರೆ ಶವಪರೀಕ್ಷೆ ಮಾಡಿಸಿದಂತೆ, ಪ್ರಯೋಗ ಯಾವ ರೋಗದಿಂದ ಸತ್ತಿತೆಂದು ಅವನು ಹೇಳಿಯಾನು, ಅಷ್ಟೇ.

ನಮ್ಮ ಸೀಮೆಯವರ ಪಾಲೂ ಇದರಲ್ಲಿ ದೊಡ್ಡದು. ಆ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದು 2023ರಲ್ಲಿ ತಮ್ಮ 102ನೆಯ ವಯಸ್ಸಿನಲ್ಲಿ ನಿಧನರಾದ ಸಿ. ಆರ್. ರಾವ್ ಅವರು ಹುಟ್ಟಿದ್ದು ಹೂವಿನಹಡಗಲಿಯಲ್ಲಿ. ಸಾತಾರಾ ಜಿಲ್ಲೆಯ ಬುಧ ಗ್ರಾಮದಲ್ಲಿ ಹುಟ್ಟಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಪಿ. ವಿ. ಸುಖಾತ್ಮೆ ಅವರು ಬೆಳೆ ಇಳುವರಿಯನ್ನು ಮಾದರಿ ತಾಕುಗಳಿಂದ ಅಂದಾಜು ಮಾಡುವ ಪದ್ಧತಿಯನ್ನು ದೇಶದಲ್ಲಿ ನೆಲೆಗೊಳಿಸಿದವರಲ್ಲಿ ಪ್ರಮುಖರು.

ಕೇಂದ್ರಗಳ ಕಾರ್ಯವಿಧಾನ

ಸಾಮಾನ್ಯವಾಗಿ ಇಂತಹ ಕೇಂದ್ರವು ಸಂಖ್ಯಾಶಾಸ್ತ್ರ ವಿಭಾಗಕ್ಕೆ ಹೊಂದಿಕೊಂಡಿರುತ್ತದೆ. ಪ್ರಾಧ್ಯಾಪಕರೊಬ್ಬರು ನಿರ್ದೇಶಕರು; ಅವರ ಕೈಕೆಳಗೆ ಪೂರ್ಣಾವಧಿಯ ಸಲಹೆಗಾರರು, ಜೊತೆಗೆ ತರಬೇತಿ ಪಡೆಯುವ ಸ್ನಾತಕೋತ್ತರ ವಿದ್ಯಾರ್ಥಿಗಳು. ಸಲಹೆ ಬಯಸುವವರು ಮೊದಲು ಒಂದು ಅರ್ಜಿ ತುಂಬಬೇಕು. ಸಂಶೋಧನೆಯ ಪ್ರಶ್ನೆ ಏನು, ಮಾಹಿತಿ ಸಂಗ್ರಹ ಯಾವ ಹಂತದಲ್ಲಿದೆ, ಮಾರ್ಗದರ್ಶಕರು ಯಾರು, ಪ್ರಬಂಧ ಸಲ್ಲಿಸುವ ಗಡುವು ಯಾವಾಗ ಎಂಬ ವಿವರಗಳು ಅದರಲ್ಲಿರುತ್ತವೆ. ಮೊದಲ ಭೇಟಿಗೆ ಮಾರ್ಗದರ್ಶಕರೂ ಬರುವುದು ಒಳ್ಳೆಯದು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಸ್ವಂತ ವಿದ್ಯಾರ್ಥಿಗಳಿಗೆ ಮೊದಲ ಭೇಟಿಗಳು ಉಚಿತ. ದೀರ್ಘ ಕೆಲಸಕ್ಕೂ ಹೊರಗಿನವರಿಗೂ ಗಂಟೆಯ ಲೆಕ್ಕದಲ್ಲಿ ಶುಲ್ಕವಿರುತ್ತದೆ.

ಸಲಹೆಗಾರರು ಮೊದಲು ವಿಚಾರಿಸುವುದು ಸೂತ್ರಗಳನ್ನಲ್ಲ. ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಹೇಳಿ ಎನ್ನುತ್ತಾರೆ. ಬಹಳ ಮಂದಿ ತಡವರಿಸುವುದು ಇಲ್ಲಿಯೇ. ಬಳಿಕ ಎಷ್ಟು ಜನರನ್ನು ಅಥವಾ ಎಷ್ಟು ತಾಕುಗಳನ್ನು ಅಳೆಯಬೇಕು, ಅವನ್ನು ಹೇಗೆ ಆರಿಸಬೇಕು ಎಂಬ ವಿಚಾರ ಬರುತ್ತದೆ. ಮಾದರಿಯ ವಿಷಯದಲ್ಲಿ ಒಂದು ನಿಯಮ ನೆನಪಿಡತಕ್ಕದ್ದು: ಅಂದಾಜಿನ ನಿಖರತೆ ಇಮ್ಮಡಿಯಾಗಬೇಕಾದರೆ ಮಾದರಿ ನಾಲ್ಮಡಿಯಾಗಬೇಕು. ಸರಿಯಾಗಿ ಆರಿಸಿದ ಸುಮಾರು 1000 ಜನರ ಅಭಿಪ್ರಾಯದಿಂದ ಶೇಕಡಾ 3ರಷ್ಟು ಆಚೀಚೆಯ ಅಂದಾಜು ದೊರೆತರೆ, ಆ ಅಂತರವನ್ನು ಅರ್ಧಕ್ಕಿಳಿಸಲು 4000 ಜನರನ್ನು ಕೇಳಬೇಕಾಗುತ್ತದೆ. ಖರ್ಚು ಮತ್ತು ನಿಖರತೆಗಳ ಈ ಲೆಕ್ಕವನ್ನು ಮೊದಲೇ ಮಾಡಿಕೊಂಡರೆ ಹಣವೂ ಉಳಿಯುತ್ತದೆ, ಕಾಲವೂ ಉಳಿಯುತ್ತದೆ.

ಮಾಹಿತಿ ಬಂದ ಮೇಲೆ ಅದನ್ನು ಒಪ್ಪವಾಗಿ ದಾಖಲಿಸುವ ಕ್ರಮ, ವಿಶ್ಲೇಷಣೆ, ಫಲಿತಾಂಶದ ಅರ್ಥ ಇವುಗಳಲ್ಲಿ ಕೇಂದ್ರವು ನೆರವಾಗುತ್ತದೆ. ಆದರೆ ಪ್ರಬಂಧವನ್ನು ಬರೆದುಕೊಡುವುದಿಲ್ಲ. ಬೇಕಾದ ಉತ್ತರ ಬರುವವರೆಗೆ ಒಲ್ಲದ ಅಂಕಿಗಳನ್ನು ಕೈಬಿಡಲು ಒಪ್ಪುವುದಿಲ್ಲ. ಹಣ ಪಡೆದು ಪ್ರಬಂಧವನ್ನೇ ಸಿದ್ಧಮಾಡಿಕೊಡುವವರಿಗೂ ಇವರಿಗೂ ಇರುವ ವ್ಯತ್ಯಾಸ ಇದೇ. ಸಲಹೆಗಾರರ ನೆರವನ್ನು ಪ್ರಬಂಧದಲ್ಲಿ ಸ್ಮರಿಸುವುದು, ಅವರ ಪಾಲು ದೊಡ್ಡದಾಗಿದ್ದರೆ ಸಹಲೇಖಕರೆಂದು ಹೆಸರಿಸುವುದು ಸಂಪ್ರದಾಯ.

ನಮ್ಮಲ್ಲಿ ಎಲ್ಲಿ?

ನಮ್ಮ ದೇಶದ ಎಲ್ಲ ವಿಶ್ವವಿದ್ಯಾಲಯಗಳಲ್ಲಿ ಪ್ರತ್ಯೇಕ ಸಲಹಾ ಕೇಂದ್ರ ಎಂಬ ಫಲಕ ಕಾಣಿಸದು. ಆದರೆ ವಿದ್ಯೆ ಬಲ್ಲವರಿದ್ದಾರೆ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದಲ್ಲಿಯೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಸಂಖ್ಯಾಶಾಸ್ತ್ರ ವಿಭಾಗಗಳಿವೆ. ದೌಂಡದಿಂದ ಮನಮಾಡದ ಹಳಿಯಲ್ಲಿ ಸಿಗುವ ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದಂತಹ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಕೃಷಿ ಪ್ರಯೋಗಗಳನ್ನು ಬಲ್ಲ ಸಂಖ್ಯಾಶಾಸ್ತ್ರಜ್ಞರಿರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಜೈವಿಕ ಸಂಖ್ಯಾಶಾಸ್ತ್ರ ವಿಭಾಗವಿದೆ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಗುಣಮಟ್ಟ ನಿಯಂತ್ರಣ ಘಟಕಗಳು ಪುಣೆ, ಬೆಂಗಳೂರುಗಳಲ್ಲಿದ್ದು, ಅವು ಕಾರ್ಖಾನೆಗಳಿಗೆ ಸಲಹೆ ನೀಡುತ್ತವೆ. ವೈದ್ಯಕೀಯ ಕಾಲೇಜುಗಳಲ್ಲಿ ಸಮುದಾಯ ವೈದ್ಯಕೀಯ ವಿಭಾಗವನ್ನು ವಿಚಾರಿಸಬಹುದು.

ನಮ್ಮ ಸಂಘದ ಎಷ್ಟೋ ಕುಟುಂಬಗಳ ಮಕ್ಕಳು ಇಂದು ಎಂ.ಡಿ., ಪಿಎಚ್.ಡಿ. ಅಧ್ಯಯನದಲ್ಲಿ ತೊಡಗಿದ್ದಾರೆ. ಅವರ ವಿಷಯ ನಮಗೆ ಅರ್ಥವಾಗದಿರಬಹುದು. ಆದರೂ ಪ್ರಯೋಗ ಆರಂಭಿಸುವ ಮೊದಲು ಸಂಖ್ಯಾಶಾಸ್ತ್ರಜ್ಞರನ್ನು ಕಂಡೆಯಾ ಎಂದು ಒಮ್ಮೆ ಕೇಳಲು ಯಾವ ಪಾಂಡಿತ್ಯವೂ ಬೇಕಿಲ್ಲ. ಆ ಹುಡುಗಿಯನ್ನು ನಾವು ಯಾರೂ ಕೇಳಿರಲಿಲ್ಲ. ಓದುಗರಾದರೂ ತಮ್ಮ ಮನೆಯ ಮಕ್ಕಳನ್ನು ಕೇಳಬೇಕೆಂದು ನಮ್ಮ ವಿನಂತಿ.