ಭಾಗ 4: ಹಗೇವಿನಿಂದ ಮೈಕ್ರಾನ್ ತನಕ

ಚೀಲ ಕೊಳ್ಳುವಾಗ ನೀವು ಏನು ನೋಡ್ತೀರಿ? ಎರಡು ಬೆರಳಿನಾಗ ತಿಕ್ಕಿ "ದಪ್ಪ ಐತಿ" ಅಂತೀರಿ, ಅಷ್ಟ. ನಮ್ಮ ಹಿರಿಯರಿಗೆ ಬೇಕಾಗಿದ್ದು ಬೇರೆ: ಒಳಗ ಗಾಳಿ ಹೋಗತೈತೋ ಇಲ್ಲೋ?

ಸವಣೂರು, ಶಿಗ್ಗಾವಿ ಕಡೆಯ ಎರೆನೆಲದಲ್ಲಿ ಅದಕ್ಕೆ ಉತ್ತರ ಹಗೇವು. ಮನೆ ಮುಂದೋ ಓಣಿಯಲ್ಲೋ ನೆಲದಡಿ ತೋಡಿದ ಗುಂಡಿ. ಗೋಡೆಗೆ ದಂಟು, ಹೊಟ್ಟು ಕೊಟ್ಟು, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಡೋದು. ಕಾಳೂ ಉಸಿರಾಡತೈತಿ, ಹುಳಾನೂ ಉಸಿರಾಡತೈತಿ. ಹಂಗಾಗಿ ಒಳಗಿನ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬುತ್ತಿತ್ತು. ಹುಳ ಸಾಯ್ತಿತ್ತು, ಜೋಳ ವರ್ಷಗಟ್ಟಲೆ ಉಳೀತಿತ್ತು. ಬಾಯಿ ತೆಗೆದ ಕೂಡಲೇ ಅವಸರ ಮಾಡಿ ಇಳಿದ ಮನುಷ್ಯನೂ ಸಾಯ್ತಿದ್ದ, ಅದನ್ನೂ ಮರೀಬ್ಯಾಡ್ರಿ. ಅದಕ್ಕೇ ಬಹಳ ಹೊತ್ತು ತೆರೆದಿಟ್ಟು ಆಮೇಲೆ ಇಳಿಯೋ ರೂಢಿ. ಹಾನಗಲ್ಲಿನಂಥ ಮಳೆ ಹೆಚ್ಚಿನ ಭತ್ತದ ಸೀಮೆಗೆ ಗುಂಡಿ ಹೊಂದೂದಿಲ್ಲ, ಅಂಥಲ್ಲಿ ಕಣಜ.

ಆಮೇಲೆ ಗೋಣಿಚೀಲ, ಅದರ ಹಿಂದೆ ಪ್ಲಾಸ್ಟಿಕ್ ಎಳೆಯ ನೇಯ್ದ ಚೀಲ. ಹೊರಾಕ ಗಟ್ಟಿ, ಆದರೆ ನೇಯ್ಗೆ ಸಂದಿಯಲ್ಲಿ ಗಾಳಿ ಸಲೀಸಾಗಿ ಓಡಾಡತೈತಿ. (ಗೊಬ್ಬರದ ಖಾಲಿ ಚೀಲದಾಗ ತಿನ್ನೋ ಕಾಳು ಮಾತ್ರ ಬ್ಯಾಡ್ರಪಾ.)

ಹಗೇವಿನ ಲೆಕ್ಕಾನೇ ಚೀಲಕ್ಕೆ ಬಂದದ್ದು ದೂರದ ಆಫ್ರಿಕಾದಾಗ. 1980ರ ದಶಕದ ಕೊನೆಗೆ ಕ್ಯಾಮರೂನಿನಲ್ಲಿ ಅಲಸಂದಿ ಉಳಿಸಾಕ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಮೂರು ಪದರದ ಚೀಲ ರೂಪಿಸಿದರು. ಈಗ ಸಿಗೋ ಆ ನಮೂನೆಯಲ್ಲಿ ಒಳಗೆ 80 ಮೈಕ್ರಾನಿನ ಎರಡು ಪಾಲಿಥಿನ್ ಚೀಲ, ಹೊರಗೆ ನೇಯ್ದ ಚೀಲ. ಒಂದು ಪದರ ತೂತಾದರೂ ಇನ್ನೊಂದು ಗಾಳಿ ತಡೀತೈತಿ. ಮೈಕ್ರಾನ್ ಅಂದ್ರ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು.

ಪೇಪರಿನಾಗ ಬರೋ ಮೈಕ್ರಾನೇ ಬೇರೆ. ಕೈಚೀಲಕ್ಕೆ ಕೇಂದ್ರ ಸರ್ಕಾರ ಹಾಕಿದ ಕನಿಷ್ಠ ದಪ್ಪ 1999ರಲ್ಲಿ 20, 2011ರಲ್ಲಿ 40, 2016ರಲ್ಲಿ 50, 2021ರಲ್ಲಿ 75, 2022ರ ಕೊನೆಗೆ 120. ಕರ್ನಾಟಕವಂತೂ 2016ರ ಮಾರ್ಚಿನಲ್ಲೇ ದಪ್ಪ ಎಷ್ಟೇ ಇರಲಿ ಕೈಚೀಲ ಬ್ಯಾಡ ಅಂತು. ಇದೆಲ್ಲ ಕಸದ ಲೆಕ್ಕ, ಹುಳದ್ದಲ್ಲ. "120 ಐತಿ, ಕಾಳಿಗೆ ಛಲೋ" ಅಂತ ಅಂಗಡಿಯವರು ಅಂದ್ರ ನಂಬಬ್ಯಾಡ್ರಿ.

ಹಿರೇಕೆರೂರಿನ ಗೋವಿನಜೋಳ ಇರಲಿ, ಯಾವ ಕಾಳೇ ಇರಲಿ, ಹಲ್ಲಿಗೆ ಕಟಕ್ ಅನ್ನೋವಂಗ ಒಣಗಿರಬೇಕು. ಹಸಿ ಕಾಳು ಗಾಳಿಯಾಡದ ಚೀಲಕ್ಕೆ ಹೋದರೆ ಬೂಷ್ಟು ಹಿಡೀತೈತಿ. ತುಂಬೋ ಮೊದಲು ಒಳಚೀಲಕ್ಕೆ ಗಾಳಿ ಹಿಡಿದು, ಬಾಯಿ ಬಿಗಿಮಾಡಿ ಒತ್ತಿ ನೋಡ್ರಿ. ಸುಸ್ ಅಂದರೆ ಆ ಚೀಲ ಬ್ಯಾಡ.

ನಿಮ್ಮ ಓಣ್ಯಾಗ ಹಗೇವು ಎಲ್ಲಿತ್ತು? ಮನ್ಯಾಗ ಅಜ್ಜಿನ್ನ ಕೇಳಿ ಬರೀರಿ.

#ಹಗೇವು #ಹಾವೇರಿ #ನಮ್ಮೂರಇತಿಹಾಸ