ಆಶ್ರಯ ಪಡೆದವರ ಮಕ್ಕಳು ನಾವು



ಕ್ರಿಸ್ತ ಜಯಂತಿಯ ಗೋದಲಿಯನ್ನು ಇನ್ನೂ ತೆಗೆದಿರುವುದಿಲ್ಲ, ಅಷ್ಟರಲ್ಲೇ ಪವಿತ್ರ ಕುಟುಂಬದ ಹಬ್ಬ ಬರುತ್ತದೆ. ಹೆರೋದನಿಗೆ ಹೆದರಿ ಸಂತ ಜೋಸೆಫರು ರಾತ್ರೋರಾತ್ರಿ ಎದ್ದು, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರೆಂದು ಸಂತ ಮತ್ತಾಯರ ಶುಭಸಂದೇಶದಲ್ಲಿ ಕೇಳುತ್ತೇವೆ. ಆ ಪರದೇಶದಲ್ಲಿ ಅವರಿಗೆ ತಂಗಲು ಮನೆ ಕೊಟ್ಟವರು ಯಾರು? ಜೋಸೆಫರಿಗೆ ಮರಗೆಲಸ ಕೊಟ್ಟವರು ಯಾರು? ಬಾಲಯೇಸುವಿಗೆ ಜ್ವರ ಬಂದಾಗ ಮರಿಯಮ್ಮನವರ ಜೊತೆ ಕೂತವರು ಯಾರು? ಶುಭಸಂದೇಶ ಅವರ ಹೆಸರು ಹೇಳುವುದಿಲ್ಲ. ಆದರೆ ಯಾರೋ ಇದ್ದಿರಲೇಬೇಕು. ಈ ಹಬ್ಬದಂದು ನಾನು ಆ ಹೆಸರಿಲ್ಲದ ನೆರೆಯವರನ್ನು ನೆನೆಯುತ್ತೇನೆ.

ಯುವಜನರ ಸಭೆಯೊಂದರಲ್ಲಿ ಹುಡುಗನೊಬ್ಬ ಕೇಳಿದ: "ಫಾದರ್, ಸಿರಿಯಾದವರಿಗೆ, ಸುಡಾನಿನವರಿಗೆ ಪ್ರಾರ್ಥನೆ ಮಾಡಿ ಎನ್ನುತ್ತೀರಿ. ಭಟ್ಕಳ, ಹೊನ್ನಾವರ, ಕುಮಟಾದಲ್ಲಿರುವ ನಮಗೂ ಆ ನಿರಾಶ್ರಿತರಿಗೂ ಏನು ಸಂಬಂಧ?" ಪ್ರಶ್ನೆ ನೇರವಾಗಿತ್ತು. ಅದಕ್ಕೆ ಉತ್ತರ ನಮ್ಮ ಹಿರಿಯರ ಚರಿತ್ರೆಯಲ್ಲೇ ಇದೆ.

ನಮ್ಮಲ್ಲಿ ಬಹುಪಾಲು ಕುಟುಂಬಗಳ ಮೂಲ ಗೋವಾ. 16ನೇ ಶತಮಾನದ ನಡುವಿನಿಂದ 18ನೇ ಶತಮಾನದವರೆಗೆ ನಮ್ಮವರು ತಂಡತಂಡವಾಗಿ ದಕ್ಷಿಣಕ್ಕೆ ಬಂದರು. 1560ರಲ್ಲಿ ಗೋವಾದಲ್ಲಿ ಆರಂಭವಾದ ಇನ್‌ಕ್ವಿಸಿಷನ್ ಕೆಲವರನ್ನು ಓಡಿಸಿತು; ಅದು ನಮ್ಮ ಧರ್ಮಸಭೆಯ ಹೆಸರಿನಲ್ಲೇ ನಡೆಯಿತೆಂಬುದನ್ನು ನಾವು ಮುಚ್ಚಿಡಬಾರದು. 1570ರ ಬಿಜಾಪುರದ ಯುದ್ಧ, 1683 ಮತ್ತು 1739ರ ಮರಾಠರ ದಂಡಯಾತ್ರೆಗಳು, ಬರಗಾಲ, ತೆರಿಗೆ ಇನ್ನು ಕೆಲವರನ್ನು ಓಡಿಸಿದವು. ಬಂದವರಿಗೆ ನೆಲೆ ಕೊಟ್ಟವರು ವೀರಶೈವರಾದ ಕೆಳದಿಯ ಅರಸರು. ಬತ್ತ ಬೆಳೆಯಬಲ್ಲ ಕೈಗಳು ಅವರಿಗೂ ಬೇಕಿದ್ದವು ನಿಜ. ಆದರೂ ಭೂಮಿ ಕೊಟ್ಟರು, ದೇವಾಲಯ ಕಟ್ಟಲು ಬಿಟ್ಟರು. 1678ರಲ್ಲಿ ಪೋರ್ಚುಗೀಸರೊಡನೆ ಆದ ಒಪ್ಪಂದದಲ್ಲಿ ಮಿರ್ಜಾನ್, ಚಂದಾವರ, ಹೊನ್ನಾವರ, ಭಟ್ಕಳ ಮತ್ತು ಕಲ್ಯಾಣಪುರದಲ್ಲಿ ಇಗರ್ಜಿ ಕಟ್ಟಲು ಅನುಮತಿ ದೊರೆಯಿತು. ಆಗ ಕೆಳದಿಯನ್ನು ಆಳುತ್ತಿದ್ದವರು ರಾಣಿ ಚೆನ್ನಮ್ಮಾಜಿ.

ಈ ರಾಣಿಯ ಇನ್ನೊಂದು ಕಥೆ ನಮ್ಮ ಯುವಜನರಿಗೆ ಗೊತ್ತಿರಬೇಕು. 1689ರಲ್ಲಿ ಸಂಭಾಜಿಯನ್ನು ಔರಂಗಜೇಬ ಕೊಲ್ಲಿಸಿದ ಮೇಲೆ, ಶಿವಾಜಿಯ ಕಿರಿಯ ಮಗ ರಾಜಾರಾಮ ವೇಷ ಮರೆಸಿಕೊಂಡು ದಕ್ಷಿಣಕ್ಕೆ ಓಡಿದ. ಆಗ ಅವನಿಗೆ 19 ವರ್ಷ. ಇಂದಿನ ಲೆಕ್ಕದಲ್ಲಿ ಕಾಲೇಜು ಓದುವ ಹುಡುಗ. ಅವನನ್ನು ಸೇರಿಸಿಕೊಂಡರೆ ಮೊಗಲ್ ಸೈನ್ಯ ಬಾಗಿಲಿಗೆ ಬರುತ್ತದೆಂದು ಗೊತ್ತಿದ್ದೂ ಚೆನ್ನಮ್ಮಾಜಿ ಆಶ್ರಯ ಕೊಟ್ಟು, ಸುರಕ್ಷಿತವಾಗಿ ದಾಟಿಸಿದಳು. ಸೈನ್ಯ ಬಂದೇ ಬಂತು. ರಾಣಿ ಅದನ್ನು ಎದುರಿಸಿ ನಿಂತಳು. ಕೆಲವೇ ವರ್ಷಗಳ ಹಿಂದೆ ಮರಾಠರ ದಾಳಿಗೆ ಸಿಕ್ಕಿ ಗೋವಾ ಬಿಟ್ಟವರಿಗೂ, ಅದೇ ಮರಾಠರ ರಾಜಕುಮಾರನಿಗೂ ಒಂದೇ ರಾಜ್ಯದಲ್ಲಿ ನೆರಳು ಸಿಕ್ಕಿತು.

ನೂರು ವರ್ಷ ಕಳೆಯುವುದರೊಳಗೆ ನಮ್ಮವರು ಮತ್ತೊಮ್ಮೆ ಮನೆ ಕಳೆದುಕೊಂಡರು. 1784ರಲ್ಲಿ, ವಿಭೂತಿ ಬುಧವಾರದಂದು ಎಂಬುದು ಸಮುದಾಯದ ನೆನಪು, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ. ಆ ನಡುವೆ ತಪ್ಪಿಸಿಕೊಂಡು ಕೊಡಗಿಗೆ ಓಡಿದವರನ್ನು ಅಲ್ಲಿನ ಅರಸ ದೊಡ್ಡ ವೀರರಾಜೇಂದ್ರ ಕೈಬಿಡಲಿಲ್ಲ. ವಿರಾಜಪೇಟೆಯಲ್ಲಿ ಜಾಗ ಕೊಟ್ಟ. 1792ರಲ್ಲಿ ಆರಂಭವಾದ ಅಲ್ಲಿನ ಸಂತ ಅನ್ನಮ್ಮನವರ ದೇವಾಲಯ ಇಂದಿಗೂ ಅದಕ್ಕೆ ಸಾಕ್ಷಿ.

ಈ ಸೆರೆಯ ನೆನಪನ್ನು ಇಂದಿನ ಮುಸಲ್ಮಾನ ನೆರೆಯವರ ಮೇಲೆ ಹಗೆ ಬೆಳೆಸಲು ಬಳಸುವವರಿದ್ದಾರೆ. ಪ್ರಿಯರೇ, ಅದು ನಮ್ಮ ಹಿರಿಯರ ಕಣ್ಣೀರಿಗೆ ಮಾಡುವ ಅವಮಾನ. 1990ನ್ನು ನೆನಪಿಸಿಕೊಳ್ಳಿ. ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ಕೆಲಸಕ್ಕೆಂದು ಹೋಗಿದ್ದ ನಮ್ಮ ಕರಾವಳಿಯ ಯುವಕರು, ಎಲ್ಲ ಮತದವರು, ಬಟ್ಟೆಗಂಟು ಹಿಡಿದು ಮರುಭೂಮಿ ದಾಟಿ ಜೋರ್ಡಾನಿನ ಡೇರೆಗಳಲ್ಲಿ ನೀರಿಗೂ ರೊಟ್ಟಿಗೂ ಸಾಲು ನಿಂತರು. ಅಮ್ಮಾನಿನಿಂದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಏರ್ ಇಂಡಿಯಾ ವಿಮಾನಗಳು ಕರೆತಂದವು. ಆ ಸಾಲಿನಲ್ಲಿ ಯಾರ ಮತ ಯಾವುದೆಂದು ಹಸಿವು ಕೇಳಲಿಲ್ಲ.

ಇನ್ನು ನಮ್ಮ ಜಿಲ್ಲೆಯನ್ನೇ ನೋಡಿ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ದಾಟಿದರೆ ಮುಂಡಗೋಡ. 1959ರ ಮಾರ್ಚಿನಲ್ಲಿ ದಲಾಯಿ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದಾಗ ಅವರಿಗಿನ್ನೂ 23 ವರ್ಷ. ಅವರ ಹಿಂದೆ ಸಾವಿರಾರು ಟಿಬೆಟನ್ನರು ಹಿಮಾಲಯ ದಾಟಿದರು. ನಮ್ಮ ರಾಜ್ಯ 1960ರಲ್ಲಿ ಬೈಲುಕುಪ್ಪೆಯಲ್ಲಿ ನೆಲ ಕೊಟ್ಟಿತು. 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಮುಂಡಗೋಡದಲ್ಲಿ ಸುಮಾರು 4,000 ಎಕರೆ ಕಾಡುಭೂಮಿಯಲ್ಲಿ ಟಿಬೆಟನ್ ವಸಾಹತು ಆರಂಭವಾಯಿತು. ಹಿಮದ ನಾಡಿನವರಿಗೆ ನಮ್ಮ ಸೆಕೆಯೂ ಹೊಸದು, ಮಳೆಯೂ ಹೊಸದು. ಕಾಡು ಕಡಿದು ಹೊಲ ಮಾಡಿದರು. ಗಾದೆನ್, ದ್ರೆಪುಂಗ್ ಮಠಗಳನ್ನು ಮತ್ತೆ ಕಟ್ಟಿದರು.

ಇಂದು ಅಲ್ಲಿರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಟಿಬೆಟನ್ನು ಕಣ್ಣಾರೆ ಕಂಡವರಲ್ಲ. ಹುಟ್ಟಿದ್ದು ಇಲ್ಲೇ. ಆದರೂ 1987ರ ಜುಲೈ 1ರ ನಂತರ ಹುಟ್ಟಿದವರಿಗೆ, ತಂದೆ ತಾಯಿ ಇಬ್ಬರೂ ಭಾರತದ ಪೌರರಲ್ಲದಿದ್ದರೆ, ಹುಟ್ಟಿನ ಆಧಾರದಲ್ಲಿ ಪೌರತ್ವ ಇಲ್ಲ. ಕೈಯಲ್ಲಿರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರ. ನಿರಾಶ್ರಿತರ ಬಗೆಗಿನ 1951ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹೀಗಾಗಿ ಇವರ ಬಾಳು ಸರಕಾರದ ಔದಾರ್ಯದ ಮೇಲೆ ನಿಂತಿದೆ. ನಮ್ಮ ಮಕ್ಕಳು ಮುಂಡಗೋಡಕ್ಕೆ ಪಿಕ್‌ನಿಕ್ ಹೋಗಿ ಮಠದ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ಅದೇ ಪ್ರಾಯದ ಒಬ್ಬ ಟಿಬೆಟನ್ ಹುಡುಗನ ಹೆಸರು ಕೇಳಿಕೊಂಡು ಬಂದವರು ಎಷ್ಟು ಮಂದಿ?

ಲೋಕದ ಕಡೆಗೂ ಕಣ್ಣು ಹಾಯಿಸೋಣ. 2024ರ ಕೊನೆಯ ಹೊತ್ತಿಗೆ ಯುದ್ಧ, ಹಿಂಸೆಗಳಿಂದ ನೆಲೆ ತಪ್ಪಿದವರು 12 ಕೋಟಿಗೂ ಹೆಚ್ಚು ಎಂದು ವಿಶ್ವಸಂಸ್ಥೆ ಲೆಕ್ಕ ಹಾಕಿದೆ. ಹತ್ತರಲ್ಲಿ ಸುಮಾರು ನಾಲ್ವರು 18 ವರ್ಷದ ಒಳಗಿನವರು. 2015ರಲ್ಲಿ ಸಿರಿಯಾದ ಯುಸ್ರಾ ಮರ್ದಿನಿ ಎಂಬ ಹುಡುಗಿ ಗ್ರೀಸಿಗೆ ಹೊರಟಿದ್ದ ರಬ್ಬರ್ ದೋಣಿಯ ಇಂಜಿನ್ ನಡುಸಮುದ್ರದಲ್ಲಿ ಕೆಟ್ಟಿತು. ಈಜು ಬಲ್ಲ ಅವಳೂ ಅವಳ ಅಕ್ಕನೂ ನೀರಿಗಿಳಿದು, ಗಂಟೆಗಟ್ಟಲೆ ದೋಣಿಯನ್ನು ಹಿಡಿದು ಈಜಿ, ಜನರನ್ನು ದಡ ಸೇರಿಸಿದರು. ಮರುವರ್ಷ ರಿಯೋ ಒಲಿಂಪಿಕ್ಸಿನಲ್ಲಿ ಹತ್ತು ಮಂದಿಯ ನಿರಾಶ್ರಿತರ ತಂಡದಲ್ಲಿ ಅವಳೂ ಈಜಿದಳು. ಮಳೆಗಾಲದ ಕಡಲು ಎಂಥದ್ದೆಂದು ಬಲ್ಲ ನಮ್ಮ ಮೀನುಗಾರರ ಮಕ್ಕಳಿಗೆ ಈ ಧೈರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಯೆಟ್ನಾಮಿನಿಂದ ದೋಣಿಗಳಲ್ಲಿ ತಪ್ಪಿಸಿಕೊಂಡು ಬಂದವರ ಪಾಡು ಕಂಡು ಮರುಗಿದ ಯೇಸುಸಭೆಯ ಫಾದರ್ ಪೇದ್ರೋ ಅರುಪೆಯವರು 1980ರ ನವೆಂಬರ್ 14ರಂದು ನಿರಾಶ್ರಿತರ ಸೇವಾಸಂಸ್ಥೆಯನ್ನು ಆರಂಭಿಸಿದರು. ಆ ಸಂಸ್ಥೆ ತನ್ನ ಕೆಲಸಗಳಲ್ಲಿ ಮೊದಲು ಹೇಳುವುದು ಜೊತೆಯಲ್ಲಿ ನಡೆಯುವುದನ್ನು. ಸೇವೆ ಮಾಡುವುದು, ಅವರ ಹಕ್ಕಿಗಾಗಿ ದನಿ ಎತ್ತುವುದು ಅದರ ನಂತರ. ಜೊತೆಯಲ್ಲಿ ನಡೆಯದವನಿಗೆ ಏನು ಬೇಕೆಂದೇ ತಿಳಿಯುವುದಿಲ್ಲ.

ಹಾಗಾದರೆ ನಾವು ಏನು ಮಾಡಬಹುದು? ಈ ವರ್ಷ ಪ್ರತಿ ಧರ್ಮಕೇಂದ್ರದ ಯುವಜನರು ಒಮ್ಮೆ ಮುಂಡಗೋಡಕ್ಕೆ ಹೋಗಲಿ. ವಿದೇಶಿಯರು ಅಲ್ಲಿ ತಂಗಲು ವಿಶೇಷ ಪರವಾನಗಿ ಪಡೆಯಬೇಕು. ನಮಗೆ ಅದೇನೂ ಬೇಡ. ಅಲ್ಲಿನ ಯುವಜನರ ಜೊತೆ ವಾಲಿಬಾಲ್ ಆಡಲಿ, ಊಟ ಮಾಡಲಿ, ಅವರ ಅಜ್ಜ ಅಜ್ಜಿಯರ ದಾರಿಯ ಕಥೆ ಕೇಳಲಿ. ನಂತರ ಅವರನ್ನು ಕರಾವಳಿಗೆ, ನಮ್ಮ ಊರ ಹಬ್ಬಕ್ಕೆ, ನಮ್ಮ ಮನೆಗೆ ಕರೆಯಲಿ. ಹಳೆ ಬಟ್ಟೆ ಕಟ್ಟಿ ಕಳಿಸುವುದು ಸುಲಭ. ಮನೆಯ ಮಣೆಯ ಮೇಲೆ ಕೂರಿಸಿ ಮೀನುಸಾರು ಬಡಿಸುವುದಕ್ಕೆ ಮನಸ್ಸು ಬೇಕು. ಪಕ್ಕದ ತಾಲೂಕಿನ ನಿರಾಶ್ರಿತ ಹುಡುಗನ ಗೆಳೆತನ ಮಾಡಿದವನಿಗೆ ಸುಡಾನಿನ ಹುಡುಗನಿಗಾಗಿ ಪ್ರಾರ್ಥಿಸುವುದು ಬಾಯಿಮಾತಾಗಿ ಉಳಿಯುವುದಿಲ್ಲ.

ನನ್ನನ್ನು ಪ್ರಶ್ನಿಸಿದ ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ನಿನ್ನ ಮುತ್ತಜ್ಜನ ಮುತ್ತಜ್ಜನಿಗೆ ಬೇರೆ ಮತದ ಯಾರೋ ಒಬ್ಬರು ಬಾಗಿಲು ತೆರೆದರು. ಅದಕ್ಕೇ ನೀನು ಇಂದು ಇಲ್ಲಿ ಕೂತಿದ್ದೀಯ. ಆ ಸಾಲ ಇನ್ನೂ ತೀರಿಲ್ಲ.

ಈಜಿಪ್ಟಿನ ಆ ನೆರೆಯವರ ಹೆಸರು ನಮಗೆ ಗೊತ್ತಿಲ್ಲ. ಪ್ರಭು ಯೇಸುವಿಗೆ ಗೊತ್ತಿದೆ. ನಮ್ಮ ಹೆಸರೂ ಆ ಪಟ್ಟಿಯಲ್ಲಿ ಸೇರುವಂತೆ ಪವಿತ್ರ ಕುಟುಂಬ ನಮಗಾಗಿ ಪ್ರಾರ್ಥಿಸಲಿ. ಆಮೆನ್.