ವಜಾ ಮಾಡಿದವರು ಯಾರು?

ಊರು ಬಿಟ್ಟು ಮುಂಬಯಿ, ಪುಣೆ, ಮದರಾಸು ಸೇರಿದ ನಮ್ಮವರಲ್ಲಿ ರೈಲ್ವೆ, ಅಂಚೆ, ಲೆಕ್ಕಪತ್ರ ಕಚೇರಿಗಳ ಅನ್ನ ಉಂಡವರು ಬಹಳ. ನೇಮಕದ ಕಾಗದವನ್ನು ಟ್ರಂಕಿನ ತಳದಲ್ಲಿ ಜೋಪಾನವಾಗಿಡುತ್ತೇವೆ. ಅದರ ಕೆಳಗೆ ಯಾರ ರುಜು ಇದೆ ಎಂದು ಮಾತ್ರ ಸಾಮಾನ್ಯವಾಗಿ ನೋಡುವುದಿಲ್ಲ. ನೌಕರಿ ಹೋಗುವ ಹೊತ್ತಿಗೆ ಆ ರುಜುವಿನ ಬೆಲೆ ತಿಳಿಯುತ್ತದೆ.

ದೊರೆಯ ಮರ್ಜಿ ಇರುವ ತನಕ ಚಾಕರಿ ಎಂಬುದು ಇಂಗ್ಲಿಷರ ಹಳೆಯ ನ್ಯಾಯ. 1919ರ ಭಾರತ ಸರಕಾರ ಕಾಯಿದೆ ಆ ಮರ್ಜಿಯನ್ನು ಉಳಿಸಿಕೊಂಡೇ ತನ್ನ 96ಬಿ ಕಲಮಿನಲ್ಲಿ ಒಂದು ಬೇಲಿ ಹಾಕಿತು: ನೇಮಿಸಿದ ಅಧಿಕಾರಿಗಿಂತ ಕೆಳಗಿನವನು ನೌಕರನನ್ನು ವಜಾ ಮಾಡಕೂಡದು. ಈ ಬೇಲಿ ಎಷ್ಟು ಗಟ್ಟಿ ಎಂಬುದು ಮದರಾಸು ಪ್ರಾಂತದಿಂದ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋದ ಎರಡು ಮೊಕದ್ದಮೆಗಳಲ್ಲಿ ಗೊತ್ತಾಯಿತು. ಎರಡೂ 1937ರ ಕಾನೂನು ವರದಿಗಳಲ್ಲಿ ಅಚ್ಚಾಗಿವೆ. ವೆಂಕಟರಾವ್ ಎಂಬವರು, ತಮ್ಮ ಮೇಲಿನ ವಿಚಾರಣೆ ನಿಯಮದಂತೆ ನಡೆಯಲಿಲ್ಲ ಎಂದು ದೂರಿದರು. ನಿಯಮಗಳಿರುವುದು ನಿಜ, ಆದರೆ ಅವನ್ನು ಪಾಲಿಸುವಂತೆ ಮಾಡುವುದು ಕೋರ್ಟಿನ ಕೆಲಸವಲ್ಲ ಎಂಬ ಉತ್ತರ ಬಂತು, ಅವರು ಸೋತರು. ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ರಂಗಾಚಾರಿಯವರದು ಬೇರೆ ವಾದ. ನೇಮಿಸಿದವರಿಗಿಂತ ಕೆಳಗಿನ ಅಧಿಕಾರಿ ತಮ್ಮನ್ನು ವಜಾ ಮಾಡಿದ್ದಾರೆ ಎಂದರು. ಕಾಯಿದೆಯ ಮಾತೇ ಅದನ್ನು ತಡೆದಿರುವಾಗ ಆ ಅಧಿಕಾರವನ್ನು ಕೆಳಗಿನವರಿಗೆ ವಹಿಸಿಕೊಡಲು ಬರುವುದಿಲ್ಲ, ಆ ವಜಾ ಅಸಿಂಧು ಎಂದಾಯಿತು.

ವಿಚಾರಣೆಯೇ ಸರಿಯಿಲ್ಲ ಎಂದವರಿಗೆ ಬಾಗಿಲು ಮುಚ್ಚಿತು, ರುಜು ಸರಿಯಿಲ್ಲ ಎಂದವರಿಗೆ ತೆರೆಯಿತು! ನಮಗೆ ಇದು ವಿಚಿತ್ರವೆನಿಸಿದರೂ ಕಾರಣವಿಷ್ಟೇ: ಒಂದು ಬರೀ ನಿಯಮದಲ್ಲಿತ್ತು, ಇನ್ನೊಂದು ಕಾಯಿದೆಯಲ್ಲೇ ಇತ್ತು. 1935ರ ಕಾಯಿದೆಯ 240ನೇ ಕಲಮು ಈ ಕೊರತೆಯನ್ನು ತುಂಬಿ, ನೌಕರನ ಅಹವಾಲು ಕೇಳಬೇಕೆಂಬುದನ್ನೂ ಕಾಯಿದೆಗೆ ಸೇರಿಸಿತು. 1950ರಲ್ಲಿ ಎರಡೂ ಸಂವಿಧಾನದ 311ನೇ ವಿಧಿಗೆ ಬಂದವು.

ಇದನ್ನು ಬರೀ ತಾಂತ್ರಿಕ ತಕರಾರು ಎಂದು ಹಗುರವಾಗಿ ಕಾಣುವವರಿದ್ದಾರೆ. ನಾವು ಒಪ್ಪುವುದಿಲ್ಲ. ದಿನವೂ ಮುಖ ನೋಡುವ ಅಧಿಕಾರಿಗೆ ಮನಸ್ತಾಪವಿರುವುದು ಸಹಜ. ದೂರದ ಮೇಲಧಿಕಾರಿ ಕಡತವನ್ನಾದರೂ ಓದಿಯಾನು. ಮಧ್ಯರೈಲ್ವೆಯ ಒಬ್ಬ ನೌಕರನ ಸಂಗತಿ ನೋಡಿ. ಅವರನ್ನು ನೇಮಿಸಿದವರು ಮುಖ್ಯ ವಿದ್ಯುತ್ ಇಂಜಿನಿಯರು. 1976ರಲ್ಲಿ ತೆಗೆದುಹಾಕಿದವರು ವಿಭಾಗದ ಸಹಾಯಕ ಇಂಜಿನಿಯರು. ಆ ಹುದ್ದೆಗೆ ನೇಮಿಸುವ ಅಧಿಕಾರ ಈಗ ಸಹಾಯಕರಿಗೂ ಇದೆಯಲ್ಲ ಎಂದಿತು ಇಲಾಖೆ. ನೇಮಕವಾದ ದಿನ ಯಾರ ಕೈಯಲ್ಲಿ ಅಧಿಕಾರವಿತ್ತೋ ಅದನ್ನೇ ನೋಡಬೇಕು, ಆಮೇಲೆ ಹಂಚಿಕೊಟ್ಟದ್ದನ್ನಲ್ಲ ಎಂದು ಸುಪ್ರೀಂ ಕೋರ್ಟು 1979ರಲ್ಲಿ ಹೇಳಿತು.

ಹಾಗೆಂದು ವಿಚಾರಣೆಯನ್ನೂ ನೇಮಿಸಿದವರೇ ನಡೆಸಬೇಕೆಂದಿಲ್ಲ; ಕೆಳಗಿನ ಅಧಿಕಾರಿ ನಡೆಸಬಹುದು, ಕೊನೆಯ ಹುಕುಂ ಮಾತ್ರ ಅವನದಾಗಬಾರದು ಎಂಬುದು 1970ರ ತೀರ್ಪು. ಹುಕುಂ ರದ್ದಾದರೆ ಆರೋಪ ತೊಳೆದುಹೋಗುವುದೂ ಇಲ್ಲ. ಅಧಿಕಾರವುಳ್ಳವರು ಮತ್ತೆ ಕ್ರಮ ಹೂಡಬಹುದು. ಬ್ಯಾಂಕು, ಎಲ್.ಐ.ಸಿ.ಗಳ ನಮ್ಮ ಬಂಧುಗಳಿಗೆ 311ನೇ ವಿಧಿಯ ಆಸರೆಯಿಲ್ಲ, ಅವರು ತಮ್ಮ ಸಂಸ್ಥೆಯ ನಿಯಮಗಳನ್ನೇ ನೋಡಿಕೊಳ್ಳಬೇಕು.

ಇನ್ನೊಂದು ಮಾತು. ಹುಕುಂ ಹೇಗೂ ಅಸಿಂಧು, ಕೋರ್ಟಿಗೆ ಯಾವಾಗ ಹೋದರೂ ನಡೆದೀತು ಎಂದು ಪಂಜಾಬಿನ ಕೆಲವು ನೌಕರರು ಕೂತಿದ್ದರು. ಅಸಿಂಧು ಹುಕುಮನ್ನೂ ಕೋರ್ಟಿನಿಂದಲೇ ಹಾಗೆಂದು ಹೇಳಿಸಿಕೊಳ್ಳಬೇಕು, ದಾವೆಗೆ 3 ವರ್ಷಗಳ ಗಡುವು ಎಂದು 1991ರಲ್ಲಿ ಸುಪ್ರೀಂ ಕೋರ್ಟು ಅವರ ದಾವೆಗಳನ್ನು ತಳ್ಳಿಹಾಕಿತು.